ಮೂರು ಹರದಾರಿ ದೂರದ ಹರಿಹರ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಬಸ್ಸಿನಲ್ಲಿ ಕೂತವರ ಕೈಯಲ್ಲಿನ ಶೇಂಗಾ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಹೊಳೆ ದಂಡೆಯ ಊರು ಬಂದುಬಿಡುತ್ತದೆ. ಇದೇ ದೂರವನ್ನು ಕತೆಯೊಂದರಲ್ಲಿ ‘ಮೂರು ಹರದಾರಿ’ ಎಂದು ಬರೆದು ನೋಡಿ. ಬಸ್ಸು ಮಾಯ, ಡಾಂಬರು ಮಾಯ. ಗಾಡಿಯ ಕೀಲೆಣ್ಣೆ ವಾಸನೆ, ಎತ್ತಿನ ಕೊರಳ ಗಂಟೆ, ದಾರಿಯಲ್ಲೊಂದು ಅರವಟ್ಟಿಗೆ, ಹೊತ್ತು ಮುಳುಗುವುದರೊಳಗೆ ಹರಿಗೋಲು ಸಿಕ್ಕೀತೇ ಎಂಬ ಆತಂಕ, ಎಲ್ಲವೂ ಕರೆಯದೆಯೇ ಬಂದು ಕೂರುತ್ತವೆ. ಒಂದು ಹರದಾರಿ ಅಂದರೆ ಹೆಚ್ಚುಕಡಿಮೆ ಮೂರು ಮೈಲಿ. ಲೆಕ್ಕ ಹಾಕಿದರೆ ದೂರ ಅಷ್ಟೇ. ಬರೆದವನು ಬದಲಿಸಿದ್ದು ಅಳತೆಯ ಹೆಸರನ್ನು ಮಾತ್ರ, ಓದಿದವನಿಗೆ ಕಾಲವೇ ಬದಲಾಯಿತು.

ಇದನ್ನೆಲ್ಲ ಯೋಚಿಸಲು ಹಚ್ಚಿದವನು ಒಬ್ಬ ಕಾಲೇಜು ಹುಡುಗ. ಚಿತ್ರದುರ್ಗದ ಮುತ್ತಿಗೆಯ ಮೇಲೆ ನೀಳ್ಗತೆಯೊಂದನ್ನು ಬರೆದು ತಂದಿದ್ದ. “ಸರ್, ಏಳು ಸುತ್ತಿನ ಕೋಟೆ, ಬತೇರಿ, ಒನಕೆ ಕಿಂಡಿ, ಎಲ್ಲಾ ಹಾಕೀನಿ. ಆದ್ರೂ ಓದಿದೋರು ದುರ್ಗ ಕಾಣ್ತಿಲ್ಲ ಅಂತಾರೆ” ಅಂದ. ಓದಿದೆ. ಕೋಟೆಯ ವರ್ಣನೆ ಚೆನ್ನಾಗಿಯೇ ಇತ್ತು. ಹುಡುಗ ಬೆಟ್ಟ ಹತ್ತಿ ಇಳಿದು ನೋಡಿಕೊಂಡು ಬಂದಿದ್ದಾನೆ. ಆದರೆ ಆ ಕೋಟೆಯೊಳಗೆ ‘ಪರಿಸ್ಥಿತಿ ಉದ್ವಿಗ್ನವಾಗಿತ್ತು’, ಬಾಗಿಲಲ್ಲಿ ‘ಭದ್ರತೆಯನ್ನು ಬಿಗಿಗೊಳಿಸಲಾಗಿತ್ತು’, ಕಾವಲಿನವನು ‘ಐದು ನಿಮಿಷದಲ್ಲಿ ಬರುತ್ತೇನೆ’ ಎಂದು ಹೇಳಿ ಹೋಗುತ್ತಾನೆ. ಕಲ್ಲೆಲ್ಲ ದುರ್ಗದ್ದು, ಮಾತೆಲ್ಲ ರಾತ್ರಿ ಒಂಬತ್ತರ ಟಿ.ವಿ. ವಾರ್ತೆಯದು. ಕಾಣುವುದು ಹೇಗೆ?

ನಿಮಿಷವನ್ನು ಅಳಿಸಿ ಗಳಿಗೆ ಎಂದು ಬರೆದರೆ ಕೆಲಸ ಮುಗಿಯಿತೇ ಎಂದು ಅವನು ಕೇಳಿದ. ಮುಗಿಯುವುದಿಲ್ಲ. ಹಗಲು ರಾತ್ರಿ ಸೇರಿ 60 ಗಳಿಗೆ. ಒಂದು ಗಳಿಗೆಗೆ ನಮ್ಮ 24 ನಿಮಿಷ, ಒಂದು ಜಾವಕ್ಕೆ ಮೂರು ಗಂಟೆ. ಜಾವದಲ್ಲಿ, ಗಳಿಗೆಯಲ್ಲಿ ಬದುಕುವವನು ಐದು ನಿಮಿಷದ ಅವಸರವನ್ನೇ ಅರಿಯ. ಅವನಿಗೆ ಗಳಿಗೆಗಿಂತ ಸಣ್ಣ ಹೊತ್ತು ಬೇಕಾದರೆ ‘ಎಲೆಯಡಿಕೆ ಹಾಕ್ಕೊಳ್ಳೋ ಹೊತ್ತು’ ಅನ್ನುತ್ತಾನೆ, ಇನ್ನೂ ಸಣ್ಣದಾದರೆ ‘ಕಣ್ಣುಮುಚ್ಚಿ ಬಿಡೋದರೊಳಗೆ’. ಅಂದರೆ ಅವನ ಗಡಿಯಾರ ಅವನ ಬಾಯಿಯಲ್ಲಿ, ಕಣ್ಣಲ್ಲಿ, ನೆರಳಿನಲ್ಲಿ ಇದೆ. ಒಂದು ಪದವನ್ನು ಬದಲಿಸಿದರೆ ಅದರ ಹಿಂದಿನ ಬದುಕನ್ನೂ ಬದಲಿಸಬೇಕಾಗುತ್ತದೆ. ಹೊಸಬರು ಎಡವುವುದು ಇಲ್ಲಿ. ನಿಘಂಟು ತೆರೆದು ಹಳೆಯ ಪದ ಹೆಕ್ಕಿ ಹಾಕುತ್ತಾರೆ, ಪಾತ್ರ ಮಾತ್ರ ಮೊಬೈಲು ನೋಡಿಕೊಂಡೇ ಯೋಚಿಸುತ್ತಿರುತ್ತದೆ.

ದುರ್ಗವನ್ನು ಮಾತಿನಲ್ಲಿ ಕಟ್ಟಿದ ದೊಡ್ಡ ಮೇಸ್ತ್ರಿ ನಮ್ಮ ಕಡೆಯವರೇ. ತರಾಸು ಹುಟ್ಟಿದ್ದು 1920ರಲ್ಲಿ, ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ. ಮನೆತನ ಚಿತ್ರದುರ್ಗ ಸೀಮೆಯ ತಳುಕಿನದು. ಪಾಳೆಯಗಾರರ ದುರ್ಗದ ಮೇಲೆ ಅವರು ಬರೆದ ಕಾದಂಬರಿಗಳ ಹೆಸರುಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿ: ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ಕುಯಿಲು ಅಂದರೆ ಕೊಯ್ಲು, ಹೊಲದ ಪದ. ಗಾದಿಗಾಗಿ ನಡೆಯುವ ಒಳಸಂಚಿನ ಕತೆಗೆ ಹೊಲದಿಂದ ಪದ ತಂದರೆ, ಅರಮನೆಯಲ್ಲಿ ಬಿತ್ತಿದ್ದನ್ನು ಊರೆಲ್ಲ ಕೊಯ್ಯಬೇಕಾಗುತ್ತದೆ ಎಂಬುದು ಪುಟ ತೆರೆಯುವ ಮೊದಲೇ ಗೊತ್ತಾಗಿಬಿಡುತ್ತದೆ. ಕೊನೆಗೆ 1982ರಲ್ಲಿ ಬಂದದ್ದು ‘ದುರ್ಗಾಸ್ತಮಾನ’. ಹೈದರಾಲಿ 1779ರಲ್ಲಿ ದುರ್ಗವನ್ನು ಗೆದ್ದುಕೊಂಡ ಕತೆ, ಕೊನೆಯ ಮದಕರಿನಾಯಕನ ಕತೆ. ಪತನ, ಸೋಲು, ಅಂತ್ಯ ಯಾವುದೂ ಹೆಸರಿನಲ್ಲಿಲ್ಲ. ಸೂರ್ಯನಿಗೆ ಆಗುವ ಅಸ್ತಮಾನವನ್ನು ಕೋಟೆಗೆ ಅಂಟಿಸಿದ್ದಾರೆ. ಸೂರ್ಯನನ್ನು ಯಾರೂ ಸೋಲಿಸಿರುವುದಿಲ್ಲ ನೋಡಿ. ಅವರು 1984ರಲ್ಲಿ ತೀರಿಕೊಂಡ ಮೇಲೆ ಈ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನೊಂದು ಸಂಗತಿ ಇದೆ, ಹೊರಗಿನವರಿಗೆ ಹೊಳೆಯದಿರಬಹುದು. ನಮ್ಮ ಕಡೆ ಇವತ್ತಿಗೂ ಯಾರೂ ‘ಚಿತ್ರದುರ್ಗಕ್ಕೆ ಹೋಗಿದ್ದೆ’ ಅನ್ನುವುದಿಲ್ಲ, ‘ದುರ್ಗಕ್ಕೆ ಹೋಗಿದ್ದೆ’ ಅನ್ನುತ್ತಾರೆ. ಕರ್ನಾಟಕದ ತುಂಬ ದುರ್ಗಗಳಿವೆ, ನಮಗೆ ಇರುವುದು ಒಂದೇ. ಕಾದಂಬರಿಯ ಹೆಸರು ಆ ಸಲಿಗೆಯಿಂದ ಹುಟ್ಟಿದೆ. ‘ಚಿತ್ರದುರ್ಗಾಸ್ತಮಾನ’ ಎಂದಿದ್ದರೆ ಅದು ಇತಿಹಾಸದ ಅಧ್ಯಾಯವೊಂದರ ತಲೆಬರಹವಾಗುತ್ತಿತ್ತು. ಮೊದಲ ಎರಡು ಅಕ್ಷರ ಬಿಟ್ಟದ್ದರಿಂದ ಅದು ಮನೆಯವರ ದುಃಖವಾಯಿತು.

ಇದೇ ತರಾಸು ಬರೆದ ‘ನಾಗರಹಾವು’ ಕಾದಂಬರಿಗೆ ಇನ್ನೆರಡು ಕಾದಂಬರಿ ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಸಿನಿಮಾ ಮಾಡಿದರು. ಲೇಖಕರಿಗೆ ಅದು ಒಪ್ಪಿಗೆಯಾಗಲಿಲ್ಲವೆಂದೂ, ನಾಗರಹಾವು ಕೇರೆಹಾವಾಯಿತೆಂದು ಚುಚ್ಚಿದರೆಂದೂ ಚಿತ್ರರಂಗದಲ್ಲಿ ಇಂದಿಗೂ ಹೇಳುತ್ತಾರೆ. ಆ ಜಗಳದಲ್ಲಿ ಯಾರು ಸರಿ ಎಂಬುದು ಬೇರೆ ವಿಷಯ. (ನಾನು ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೆಂದು ಹೇಳಿಕೊಳ್ಳುವುದಿಲ್ಲ.) ನನಗೆ ಬೇಕಾದದ್ದು ಅದರಲ್ಲಿನ ಚಾಮಯ್ಯ ಮೇಷ್ಟ್ರು. ಆ ‘ಮೇಷ್ಟ್ರು’ ಎಂಬಲ್ಲಿ ‘ಮಾಸ್ತರು’ ಎಂದು ಹಾಕಿ ಓದಿ. ಚಾಮಯ್ಯನವರು ತಕ್ಷಣ ಪೇಟ ಬಿಚ್ಚಿ ಟೊಪಿಗೆ ಹಾಕಿಕೊಂಡು ಧಾರವಾಡದ ಕಡೆ ಹೊರಟುಬಿಡುತ್ತಾರೆ. ಶಿಷ್ಯ ರಾಮಾಚಾರಿಯೂ ಹಿಂದೆ ಹೋಗಬೇಕು, ಅವನ ಬೈಗುಳವೂ ಬದಲಾಗಬೇಕು.

ಮೇಷ್ಟ್ರಿಗೂ ಮಾಸ್ತರರಿಗೂ ನಡುವೆ ಹರಿಯುವುದು ತುಂಗಭದ್ರೆ. 1956ರ ಏಕೀಕರಣಕ್ಕೆ ಮುಂಚೆ ಹರಿಹರ ಮೈಸೂರು ಸಂಸ್ಥಾನದ ಅಂಚಿನ ಊರು. ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಧಾರವಾಡ ಜಿಲ್ಲೆ, ಮುಂಬಯಿ ಸರ್ಕಾರ. ಈ ದಂಡೆಯಲ್ಲಿ ಅಮಲ್ದಾರ, ಆ ದಂಡೆಯಲ್ಲಿ ಮಾಮಲೇದಾರ. ಇಲ್ಲಿ ಶಾನುಭೋಗ, ಅಲ್ಲಿ ಕುಲಕರ್ಣಿ. ಇಲ್ಲಿ ಪಟೇಲ, ಅಲ್ಲಿ ಪಾಟೀಲ. ಇಲ್ಲಿ ಇಸ್ಕೂಲು, ಅಲ್ಲಿ ಸಾಲಿ. ಇಲ್ಲಿ ಸಂಬಳ, ಅಲ್ಲಿ ಪಗಾರ. ಈ ಪಗಾರ ಪೋರ್ಚುಗೀಸರ ‘ಪಗಾರ್’, ಹಣ ಕೊಡು ಎಂಬರ್ಥದ ಪದ, ಕೊಂಕಣ ತೀರದಲ್ಲಿ ಇಳಿದು ಘಟ್ಟ ಹತ್ತಿ ಬಂದದ್ದು. 1940ರ ದಶಕದ ಒಂದು ಕತೆ ಬರೆಯುವವನು ‘ಮಾಮಲೇದಾರರು ಬಂದರು’ ಎಂದು ಒಂದು ವಾಕ್ಯ ಬರೆದರೆ ಸಾಕು, ಯಾವ ಸರ್ಕಾರ, ಯಾವ ದಂಡೆ, ಆ ಮನೆಯ ಕಾಗದಪತ್ರದಲ್ಲಿ ಮರಾಠಿಯ ವಾಸನೆ ಎಷ್ಟು ಎಂಬುದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಅದೇ ಕತೆಯಲ್ಲಿ ಎರಡು ಪುಟದಾಚೆ ಶಾನುಭೋಗರು ಲೆಕ್ಕ ತೆಗೆದುಕೊಂಡು ಕೂತರೆ, ಊರು ಹೊಳೆಯಲ್ಲಿ ತೇಲಾಡುತ್ತದೆ.

ಈ ಗೆರೆ ಕಲ್ಲಿನ ಗೆರೆಯಲ್ಲ, ನೀರಿನ ಗೆರೆ. ಹರಿಹರದ ಹೆಸರು ಹೊತ್ತ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಹರಿಹರದಲ್ಲಿ ಅಲ್ಲ, ಹೊಳೆಯಾಚೆಯ ಕುಮಾರಪಟ್ಟಣದಲ್ಲಿ, ಅಂದರೆ ಈಗಿನ ಹಾವೇರಿ ಜಿಲ್ಲೆಯಲ್ಲಿ. ಹರಿಹರದಲ್ಲಿ ಮನೆ ಮಾಡಿಕೊಂಡ ಕಾರ್ಮಿಕನೊಬ್ಬ ದಿನಾ ಸೇತುವೆ ದಾಟಿ ಪಗಾರಕ್ಕೆ ದುಡಿದು, ಸಂಜೆ ಸೇತುವೆ ದಾಟಿ ಬಂದು ಹೆಂಡತಿ ಕೈಗೆ ಸಂಬಳ ಕೊಡುತ್ತಾನೆ ಎಂದು ಕತೆ ಶುರು ಮಾಡಬಹುದು. ದಾವಣಗೆರೆ ಜಿಲ್ಲೆಯೇ 1997ರಲ್ಲಿ ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಮೂರರಿಂದಲೂ ತಾಲ್ಲೂಕು ಕೂಡಿಸಿ ಮಾಡಿದ್ದು. ನಮ್ಮ ಎ.ಪಿ.ಎಂ.ಸಿ. ಯಾರ್ಡಿನ ದಲಾಲಿ ಅಂಗಡಿ ಕಟ್ಟೆ ಮೇಲೆ ಅರ್ಧ ಗಂಟೆ ಕೂತರೆ ‘ಐತೆ’, ‘ಐತಿ’, ‘ಇದೆ’ ಮೂರೂ ಕಿವಿಗೆ ಬೀಳುತ್ತವೆ. ಹಮಾಲರು ಮೂಟೆ ಹೊರುತ್ತ ಹೇಳುವ ‘ಮೆಕ್ಕೆಜೋಳ’ವೇ ಹೊಳೆಯಾಚೆಯಿಂದ ಬಂದ ರೈತನ ಬಾಯಲ್ಲಿ ‘ಗೋವಿನಜೋಳ’. ಯಾರು ಯಾವ ಊರಿನವರು ಎಂದು ಕೇಳಬೇಕಾಗಿಲ್ಲ.

ಇನ್ನು ಮಂಡಕ್ಕಿ. ಇದರ ಬಗ್ಗೆ ನಾನು ನ್ಯಾಯವಾಗಿ ಬರೆಯಲಾರೆ, ದಾವಣಗೆರೆಯವನು. ಆದರೂ ನೋಡಿ: ‘ಅವನು ಮಿರ್ಚಿ ಕಡಿದು ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ’ ಎಂದರೆ ಮಧ್ಯ ಕರ್ನಾಟಕದ ಸಂಜೆ. ಅದನ್ನೇ ಚುರುಮುರಿ ಎಂದರೆ ಹುಬ್ಬಳ್ಳಿ, ಬೆಳಗಾವಿ. ಕಡಲೆಪುರಿ ಎಂದರೆ ಬೆಂಗಳೂರು, ಮೈಸೂರು, ಮತ್ತು ಕೂಡಲೇ ಆಯುಧಪೂಜೆ. ತಿನ್ನುವ ವಸ್ತು ಒಂದೇ, ಹುರಿದು ಉಬ್ಬಿಸಿದ ಅಕ್ಕಿ. ಕತೆಗಾರ ಊರಿನ ಹೆಸರನ್ನೇ ಹೇಳದೆ, ಮಂಡಕ್ಕಿ ಭಟ್ಟಿಯ ಬೂದಿಬಣ್ಣದ ಹೊಗೆಯೊಂದನ್ನು ತೋರಿಸಿದರೆ ನಮ್ಮೂರ ಓದುಗ ತನ್ನ ಬೀದಿಯ ಹೆಸರನ್ನೂ ತಾನೇ ಹೇಳಿಬಿಡುತ್ತಾನೆ.

ಆದರೆ ಆ ಮಿರ್ಚಿಯನ್ನು ಎಷ್ಟು ಹಿಂದಕ್ಕೆ ಒಯ್ಯಬಹುದು? ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ಆ ಕಂಬಗಳನ್ನು ನೋಡಿದಾಗಲೆಲ್ಲ ಇಲ್ಲಿ ಉಳಿ ಹಿಡಿದವನ ಮೇಲೊಂದು ಕತೆ ಬರೆಯಬೇಕು ಅನ್ನಿಸುತ್ತದೆ. ಮಧ್ಯಾಹ್ನ ಅವನ ಹೆಂಡತಿ ಬುತ್ತಿ ತರುತ್ತಾಳೆ. ಬುತ್ತಿಯಲ್ಲಿ ಏನಿದೆ? ಮೆಣಸಿನಕಾಯಿ ಇಲ್ಲ, ಅದು ಪೋರ್ಚುಗೀಸರ ಜೊತೆ ಸಮುದ್ರ ದಾಟಿ ಬರಲು ಇನ್ನೂ ಮುನ್ನೂರು ವರ್ಷ ಬೇಕು. ಶೇಂಗಾ ಇಲ್ಲ, ಆಲೂಗಡ್ಡೆ ಇಲ್ಲ, ಟೊಮೆಟೊ ಇಲ್ಲ, ಇವತ್ತು ನಮ್ಮ ಹೊಲಗಳನ್ನೆಲ್ಲ ತುಂಬಿರುವ ಮೆಕ್ಕೆಜೋಳವೂ ಇಲ್ಲ. ಜೋಳ ಇದೆ, ಹುರುಳಿ ಇದೆ, ಬಳ್ಳಿಯ ಮೆಣಸು ಇದೆ. ‘ಮೆಣಸಿನಕಾಯಿ’ ಎಂಬ ಪದವನ್ನೇ ಒಡೆದು ನೋಡಿದರೆ ಒಳಗೆ ಹಳೆಯ ಮೆಣಸು ಕೂತಿದೆ. ಹೊಸದಾಗಿ ಬಂದ ಖಾರಕ್ಕೆ ಹಳೆಯ ಖಾರದ ಹೆಸರನ್ನು ಕೊಟ್ಟು ಕನ್ನಡದವರು ಮನೆಯೊಳಗೆ ಬಿಟ್ಟುಕೊಂಡರು.

ತಿನಿಸಿಗಿಂತ ತಂಟೆಯ ಕೆಲಸ ಆಡಳಿತದ ಪದಗಳದು. ಆ ಕಲ್ಲುಕುಟಿಗ ಕೂಲಿ ಬಾಕಿಯ ಬಗ್ಗೆ ‘ಸರ್ಕಾರಕ್ಕೆ ಅರ್ಜಿ’ ಕೊಡುವಂತಿಲ್ಲ. ಸರ್ಕಾರ, ಅರ್ಜಿ, ಜಮೀನು, ವಸೂಲಿ, ಕೊನೆಗೆ ನಾವು ಅಚ್ಚ ನಮ್ಮದೇ ಎಂದುಕೊಂಡಿರುವ ರೈತ ಕೂಡ ಪಾರಸಿ, ಅರಬ್ಬಿ ಮೂಲದ ಪದಗಳು, ಸುಲ್ತಾನರ ಮತ್ತು ನವಾಬರ ದಫ್ತರಗಳ ಮೂಲಕ ಬಂದವು. 1224ರವನು ಬಿನ್ನಹ ಮಾಡಿಕೊಳ್ಳಬೇಕು. ಹೊಲದವನು ಒಕ್ಕಲಿಗ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಶಿಲ್ಪಿಗೆ ಶಾಸನಗಳಲ್ಲಿ ‘ರೂವಾರಿ’ ಎಂಬ ಸೊಗಸಾದ ಹೆಸರಿದೆ. ಅದನ್ನು ಬಳಸೋಣವೆಂದರೆ, ನಮ್ಮ ಪತ್ರಿಕೆಗಳು ಆ ಪದವನ್ನು ಎತ್ತಿಕೊಂಡು ಪ್ರತಿ ನೀರಾವರಿ ಯೋಜನೆಗೂ, ಪ್ರತಿ ಚುನಾವಣೆ ಗೆಲುವಿಗೂ ಒಬ್ಬೊಬ್ಬ ರೂವಾರಿಯನ್ನು ಹುಟ್ಟಿಸಿಬಿಟ್ಟಿವೆ. ‘ರೂವಾರಿಯು ಎದ್ದು ನಿಂತನು’ ಎಂದು ಬರೆದರೆ ಓದುಗನಿಗೆ ಉಳಿ ಹಿಡಿದವನು ಕಾಣುವುದಿಲ್ಲ, ಹಾರ ಹಾಕಿಸಿಕೊಂಡವನು ಕಾಣುತ್ತಾನೆ. ಪದ ಹಳೆಯದು, ನಿಜ. ಆದರೆ ಅದರ ಮೇಲೆ ನಿನ್ನೆಯ ಧೂಳು ಕೂತಿದೆ. ಅಂಥಲ್ಲಿ ನಾನಾದರೆ ‘ಕಲ್ಲುಕುಟಿಗ’ ಎಂದೇ ಬರೆಯುತ್ತೇನೆ. ಕಾಲಕ್ಕೆ ಸರಿಯಾದ ಪದಕ್ಕಿಂತ ಕಿವಿಗೆ ಸರಿಯಾದ ಪದವೇ ಕೆಲವು ಸಲ ಹೆಚ್ಚು ಹಳೆಯದಾಗಿ ಕೇಳುತ್ತದೆ.

ಇಷ್ಟು ಶೋಧಿಸುವುದು ಅತಿಯಾಯಿತು ಅನ್ನುವವರಿಗೆ ಆಂಡಯ್ಯನನ್ನು ತೋರಿಸಬೇಕು. ಹರಿಹರದ ಗುಡಿ ಎದ್ದ ಅದೇ 13ನೇ ಶತಮಾನದಲ್ಲಿ ಅವನು ‘ಕಬ್ಬಿಗರ ಕಾವ’ವನ್ನು ಬರೆದ. ಸಂಸ್ಕೃತದಿಂದ ಬಂದದ್ದನ್ನು ಇದ್ದ ಹಾಗೇ ಬಳಸುವುದಿಲ್ಲ ಎಂಬ ಹಠ. ದೇಸಿ ಪದ ಇರಬೇಕು, ಇಲ್ಲವೇ ಕನ್ನಡದ ಬಾಯಲ್ಲಿ ಪಳಗಿ ರೂಪ ಬದಲಿಸಿದ ತದ್ಭವ ಇರಬೇಕು. ಕತೆ ಕಾಮನದು, ಶಿವನದು, ಚಂದ್ರನದು. ಎಲ್ಲರಿಗೂ ಗೊತ್ತಿದ್ದ ದೇವಲೋಕ. ಪದಗಳ ಬಾಗಿಲಲ್ಲಿ ಕಾವಲು ಕೂತದ್ದರಿಂದ ಆ ದೇವಲೋಕ ಬೇರೆಯೇ ಆಯಿತು. ಚಂದ್ರ ತಿಂಗಳಾದ, ಕೈಗೆ ಸಿಗುವಷ್ಟು ಹತ್ತಿರ ಬಂದ. ಯಾವ ಪದ ಬೇಡ ಎಂಬ ಒಂದೇ ನಿಯಮದಿಂದ ಲೋಕ ಕಟ್ಟಿದ ಕವಿ ಅವನು.

ಇಂಗ್ಲಿಷಿನ ಟೋಲ್ಕಿನ್ ತನ್ನ ಕಾಲ್ಪನಿಕ ಜನಾಂಗಗಳಿಗೆ ವ್ಯಾಕರಣ ಸಮೇತ ಭಾಷೆಗಳನ್ನೇ ಹುಟ್ಟಿಸಿದ. 2015ರ ‘ಬಾಹುಬಲಿ’ಯ ಕಾಲಕೇಯರಿಗೂ ಕಿಲಿಕಿ ಎಂಬ ಭಾಷೆ ಮಾಡಿದರು. ಆ ಜಾಣ್ಮೆಗೆ ಕೈಮುಗಿಯೋಣ. ಕನ್ನಡದ ಬರಹಗಾರನಿಗೆ ಅಷ್ಟು ಕಷ್ಟ ಬೇಕಾಗಿಲ್ಲ. ಚಾಮರಾಜನಗರ, ನಂಜನಗೂಡಿನ ಕಡೆಯ ಆಡುಮಾತನ್ನು ನಿರೂಪಣೆಯೊಳಕ್ಕೂ ಬಿಟ್ಟುಕೊಂಡು ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಬರೆದಾಗ, ನಮ್ಮ ಸೀಮೆಯ ಓದುಗನಿಗೆ ಮೊದಲ ಪುಟಗಳು ಬೇರೆ ಗ್ರಹದಂತೆಯೇ ಕೇಳಿದವು. ಜೋರಾಗಿ ಓದಿಕೊಂಡಾಗ ಬಾಗಿಲು ತೆರೆಯಿತು. ಕಂಬಾರರ ಶಿವಾಪುರ ಯಾವ ನಕ್ಷೆಯ ಶಿವಾಪುರವೂ ಅಲ್ಲ, ಆದರೆ ಅಲ್ಲಿ ಬೆಳಗಾವಿ ಸೀಮೆಯ ಗಾಳಿ ಬೀಸುತ್ತದೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಎಲ್ಲರೂ ಬೆನ್ನು ಹತ್ತುವ ಪ್ರಾಣಿಗೆ ಲ್ಯಾಟಿನ್ ಹೆಸರೂ ಇತ್ತು. ‘ಹಾರುವ ಓತಿ’ ಎಂದದ್ದರಿಂದಲೇ ಅದು ನಮ್ಮ ಬೇಲಿ ಮೇಲಿನ ಓತಿಕ್ಯಾತನ ದಾಯಾದಿಯಾಯಿತು, ಲಕ್ಷಾಂತರ ವರ್ಷ ಹಿಂದಿನ ಅದ್ಭುತವೂ ಆಯಿತು. ಎರಡು ಸಾದಾ ಪದ. ಜೊತೆಗೆ ಕೂರದ ಎರಡನ್ನು ಕೂರಿಸಿದ್ದೇ ಕೈಚಳಕ.

ಪದದಿಂದ ಲೋಕ ಕಟ್ಟುವ ಈ ಗುಟ್ಟು ನಮ್ಮೂರಿನ ನಾಟಕ ಕಂಪನಿಗಳಿಗೆ ಪುಸ್ತಕ ಓದದೆ ಗೊತ್ತಿತ್ತು. ಚಿಂದೋಡಿ ಲೀಲಾ ಅವರಿಂದ ಹೆಸರಾದ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು. ಕ್ಯಾಂಪಿನಿಂದ ಕ್ಯಾಂಪಿಗೆ ಲಾರಿಯಲ್ಲಿ ಸಾಗುವ ಯಾವ ಕಂಪನಿಯೂ ನಾಟಕಕ್ಕೊಂದು ಅರಮನೆ ಹೊತ್ತೊಯ್ಯಲಾರದು. ಅರಮನೆಯ ಪರದೆ ಒಂದು, ಬೀದಿಯ ಪರದೆ ಒಂದು, ಕಾಡಿನದೊಂದು. ಅದೇ ಪರದೆಯ ಮುಂದೆ ‘ಮಹಾಪ್ರಭೂ’ ಎಂದರೆ ಹಸ್ತಿನಾವತಿ, ‘ಜಹಾಪನಾ’ ಎಂದರೆ ದಿಲ್ಲಿ, ‘ಬುದ್ಧೀ’ ಎಂದರೆ ಗೌಡರ ಕಟ್ಟೆ. ಬಣ್ಣದ ಬಟ್ಟೆಯನ್ನು ಊರಾಗಿಸುತ್ತಿದ್ದುದು ಸಂಬೋಧನೆ. ಹಾಸ್ಯದ ಪಾತ್ರಧಾರಿ ಆ ಕ್ಯಾಂಪಿನ ಊರಿನ ಹೋಟೆಲಿನ ಹೆಸರೋ ಸಂತೆಯ ಹೆಸರೋ ಒಂದನ್ನು ನಡುವೆ ತೂರಿಸಿದರೆ, ಗ್ಯಾಲರಿಯವರೆಲ್ಲ ಆ ರಾಜ್ಯದ ಪ್ರಜೆಗಳಾಗಿಬಿಡುತ್ತಿದ್ದರು.

ಮತ್ತೆ ಹರಿಹರಕ್ಕೆ ಬರುತ್ತೇನೆ. ಆ ಊರಿನ ಸ್ಥಳಪುರಾಣ ನಿಂತಿರುವುದೇ ಒಂದು ಪದದ ಸಂದಿಯಲ್ಲಿ. ಗುಹಾಸುರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ಸಾವು ಬರಬಾರದು, ಹರನಿಂದಲೂ ಬರಬಾರದು. ವಕೀಲನಂತೆ ಎಲ್ಲ ಬಾಗಿಲು ಮುಚ್ಚಿದೆನೆಂದುಕೊಂಡ. ಆದರೆ ಹರಿಹರ ಎಂಬ ಸಮಾಸದ ನೆನಪು ಅವನಿಗೆ ಇರಲಿಲ್ಲ. ಒಂದು ಮೈಯ ಅರ್ಧ ಹರಿ, ಅರ್ಧ ಹರ. ಪೂರ್ತಿ ಇವನೂ ಅಲ್ಲ, ಅವನೂ ಅಲ್ಲ. ವರದ ಮಾತು ಮುರಿಯಲಿಲ್ಲ, ಅಸುರ ಉಳಿಯಲಿಲ್ಲ. ಗರ್ಭಗುಡಿಯಲ್ಲಿ ಇವತ್ತಿಗೂ ನಿಂತಿರುವುದು ಆ ಸಮಾಸವೇ.

ಹುಡುಗ ಕಳೆದ ವಾರ ತಿದ್ದಿದ ಪ್ರತಿ ತಂದಿದ್ದ. ಭದ್ರತೆ ಬಿಗಿಗೊಳಿಸಿದ್ದೆಲ್ಲ ಹೋಗಿ ‘ಬಾಗಿಲಿಗೆ ಇಬ್ಬಿಬ್ಬರು ಕೂತರು’ ಎಂದಾಗಿತ್ತು. ಒಂದು ಕಡೆ ಮಾತ್ರ ಕೆಂಪು ಗೆರೆ ಎಳೆದೆ. ಕಾವಲಿನವನು ಜೊತೆಗಾರನಿಗೆ “ನನ್ ಪಾಳಿ ಮುಗೀತು, ನೀ ಕೂತ್ಕ” ಅನ್ನುತ್ತಾನೆ. ಪಾಳಿ ಹತ್ತಿಗಿರಣಿಯ ಮಾತಲ್ಲವೇನೋ, ದುರ್ಗದಲ್ಲಿ ಮಿಲ್ಲಿನ ಕೂಗು ಕೇಳಿಸ್ತಾ ಇದೆ ಅಂದೆ. ಅವನು ಎದುರು ಮಾತಾಡದೆ ಪುಸ್ತಕವೊಂದನ್ನು ಚೀಲದಿಂದ ತೆಗೆದ. ಹಳಗನ್ನಡದಲ್ಲಿ ‘ಜೋಳದ ಪಾಳಿ’ ಇದೆ, ಸರ್. ಅನ್ನ ಹಾಕಿದ ಒಡೆಯನಿಗಾಗಿ ಪ್ರಾಣ ಕೊಡುವ ಋಣ. “ನಮ್ಮಜ್ಜ ಮಿಲ್ಲಿನಾಗೆ ಮೂರನೇ ಪಾಳಿ ಮಾಡ್ತಿದ್ರು. ಕಾವಲು ಕೂತೋನಿಗೆ ಎರಡೂ ಕೇಳಿಸ್ಲಿ ಅಂತ ಬೇಕಂತ್ಲೇ ಹಾಕೀನಿ.”

ಗೆರೆಯನ್ನು ರಬ್ಬರಿನಿಂದ ಅಳಿಸಲು ನೋಡಿದೆ, ಹೋಗಲಿಲ್ಲ. ಪಕ್ಕದಲ್ಲಿ ‘ಇರಲಿ’ ಎಂದು ಬರೆದುಕೊಟ್ಟೆ.